ಶೀನಪ್ಪ ಬಿಡಿಸದ ಮನೆ

ಶೀನಪ್ಪ ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಹುಲಿ ಮಾಡುವ ಚಾಳಿ ನಮ್ಮಲ್ಲಿದೆ. ಅವನು ಹುಲಿಯಲ್ಲ. ಜೀಪಿನ ಸದ್ದು ಕೇಳಿದರೆ ರಸ್ತೆ ಬಿಟ್ಟು ಗದ್ದೆಗೆ ಇಳಿಯುವವನು. ಪೊಲೀಸ್ ಪೇದೆ ಬೀಡಿಗೆ ಬೆಂಕಿ ಕೇಳಿದರೂ ಬೆವರುವವನು.

ಅವನ ಕಸುಬು ಬೋರ್ಡು ಬರೆಯುವುದು. ಸಿದ್ಧಕಟ್ಟೆಯಿಂದ ಬೆಳಿಗ್ಗೆ ಬ್ರಶ್ಶಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಬಂಟ್ವಾಳ ಪೇಟೆ, ಬಿ.ಸಿ.ರೋಡ್, ಮೂಡಬಿದ್ರೆ, ಬೆಳ್ತಂಗಡಿ, ಎಲ್ಲಿ ಹೊಸ ಅಂಗಡಿ ತೆರೆದರೋ ಅಲ್ಲಿ ಅವನ ಕೈ. ಬಸ್ಸುಗಳ ಹಣೆಯ ಮೇಲಿನ ಊರ ಹೆಸರುಗಳೂ ಅವನವೇ. ಮಂಗಳೂರಿನ ಬೋರ್ಡು ಅಂಗಡಿಯೊಂದರವರು ಸಂಬಳಕ್ಕೆ ಕರೆದಿದ್ದರು, ಹೋಗಲಿಲ್ಲ. ಸ್ವತಂತ್ರವಾಗಿ ಬದುಕಿದ ಕಲಾವಿದ ಎಂದು ಯಾರಾದರೂ ಬರೆದಾರು. ನಿಜ ಸಂಗತಿ ಬೇರೆ. ಯಜಮಾನ ಬೆನ್ನ ಹಿಂದೆ ನಿಂತರೆ ಅವನ ಬ್ರಶ್ಶು ಓಡುತ್ತಿರಲಿಲ್ಲ.

ಭಾನುವಾರ ಮಾತ್ರ ಅವನದ್ದು. ಆ ದಿನ ಎನಾಮೆಲ್ ಡಬ್ಬಿ ಮುಟ್ಟುತ್ತಿರಲಿಲ್ಲ. ನೀರಿನಲ್ಲಿ ಕಲಸುವ ಬಣ್ಣ, ಮೂರು ತೆಂಗಿನ ಗೆರಟೆ, ಹಲಗೆಗೆ ಸಿಕ್ಕಿಸಿದ ಡ್ರಾಯಿಂಗ್ ಹಾಳೆ, ಕಂಕುಳಲ್ಲಿ ಒಂದು ನೋಟುಪುಸ್ತಕ. ಇಷ್ಟು ಹಿಡಿದುಕೊಂಡು ಮನೆಯ ಹಿಂದಿನ ಗುಡ್ಡೆ ಹತ್ತುವುದು. ಅಲ್ಲಿಯ ಪಾರೆಕಲ್ಲಿನ ಮೇಲೆ ಕೂತರೆ ಕೆಳಗಿನ ಬೈಲು ಪೂರ್ತಿ ಕಾಣುತ್ತಿತ್ತು: ಗದ್ದೆ, ಕೆರೆ, ಆಚೆ ಬದಿಯ ಗುಡ್ಡ, ನಡುವೆ ನೀಲಾವತಿಯ ಮುಳಿಹುಲ್ಲಿನ ಗುಡಿಸಲು.

ನೀಲಾವತಿ ಗೇಣಿ ಒಕ್ಕಲು. ಗಂಡ ಸತ್ತ ಮೇಲೆ ಧಣಿಗಳ ಎರಡು ಗದ್ದೆಗಳನ್ನು ತಾನೇ ಬೇಸಾಯ ಮಾಡಿ ಭತ್ತ ಅಳೆದು ಕೊಡುತ್ತಿದ್ದ ಹೆಂಗಸು. ಶೀನಪ್ಪ ಗುಡ್ಡೆ ಹತ್ತಿದ್ದು ಕಂಡರೆ ತನ್ನ ಬಾವಿಯಿಂದ ಒಂದು ಚೆಂಬು ನೀರು ತಂದು ಇಟ್ಟು ಹೋಗುತ್ತಿದ್ದಳು. ಅವನು ಅರ್ಧ ಕುಡಿದು ಅರ್ಧದಲ್ಲಿ ಬಣ್ಣ ಕಲಸುತ್ತಿದ್ದ.

ಕೆಲಸದ ಕ್ರಮ ಅವನಿಗೆ ಮೂಡಬಿದ್ರೆಯ ಒಬ್ಬ ಡ್ರಾಯಿಂಗ್ ಮಾಸ್ತರರು ಕಲಿಸಿದ್ದು. ಮೊದಲು ಕಂಡದ್ದನ್ನೆಲ್ಲ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಬೇಕು, ತಾರೀಕು ಹಾಕಬೇಕು. ಆಮೇಲೆ ಅದರಲ್ಲಿ ಚೆಂದವಾದದ್ದನ್ನು ಮಾತ್ರ ಹಾಳೆಗೆ ತರಬೇಕು. ಪೆನ್ಸಿಲಿನ ಪುಟದಲ್ಲಿ ನೀಲಾವತಿಯ ಮನೆ ಇರುತ್ತಿತ್ತು. ಹುಲ್ಲಿನ ಮಾಡಿನ ತೂತು, ಹಿತ್ತಿಲಿನ ಗೊಬ್ಬರದ ರಾಶಿ, ಬಾವಿಕಟ್ಟೆ, ಒಣಗಲು ಹಾಕಿದ ಸೀರೆ, ಎಲ್ಲ. ಬಣ್ಣದ ಹಾಳೆಗೆ ಬರುವಾಗ ಆ ಜಾಗದಲ್ಲಿ ಒಂದು ಮಾವಿನ ಮರ ನಿಲ್ಲುತ್ತಿತ್ತು. ಗೋಡೆಗೆ ಹಾಕುವ ಚಿತ್ರದಲ್ಲಿ ಗೊಬ್ಬರದ ರಾಶಿ ಯಾರಿಗೆ ಬೇಕು?

ನೀಲಾವತಿ ಒಮ್ಮೆ ಬಗ್ಗಿ ನೋಡಿ ಕೇಳಿದ್ದಳು: "ಶೀನಪ್ಪಣ್ಣ, ಪುಸ್ತಕದಲ್ಲಿ ನಾನು ಉಂಟು. ಹಾಳೆಯಲ್ಲಿ ನನ್ನನ್ನು ಎಲ್ಲಿಗೆ ಓಡಿಸಿದ್ದು?"

"ಇದು ಧಣಿಗಳ ಚಾವಡಿಗೆ ಹೋಗುವ ಚಿತ್ರ ನೀಲಕ್ಕ."

"ಹಾಗಾದರೆ ಸರಿ. ಅಲ್ಲಿಗೆ ನಾನು ಹಿತ್ತಿಲ ಬಾಗಿಲಿನಿಂದಲೇ ಹೋಗುವುದಲ್ವಾ" ಎಂದು ನಕ್ಕು ಚೆಂಬು ಎತ್ತಿಕೊಂಡು ಹೋದಳು.

ಧಣಿಗಳು ಎಂದರೆ ಮುಂಡಪ್ಪ ಧಣಿಗಳು. ಬೈಲು ಅವರದ್ದು, ಗುಡ್ಡೆ ಅವರದ್ದು, ಶೀನಪ್ಪನ ಮನೆಯ ಅಡಿಯ ನೆಲವೂ ಅವರದ್ದು. ಐವತ್ತಾರರ ದೀಪಾವಳಿಗೆ ಅವನು ಮೊದಲ ಚಿತ್ರ ಒಯ್ದು ಕೊಟ್ಟ. ಧಣಿಗಳಿಗೆ ಖುಷಿಯಾಯಿತು. ಕೆರೆಯಲ್ಲಿ ಎರಡು ಹಂಸ ಹಾಕು ಎಂದರು, ಹಾಕಿದ. ಆಮೇಲೆ ಪ್ರತಿ ದೀಪಾವಳಿಗೆ ಒಂದು. ಅರುವತ್ನಾಲ್ಕರ ಹೊತ್ತಿಗೆ ಚಾವಡಿಯ ಗೋಡೆಯಲ್ಲಿ ಗಾಜು ಹಾಕಿದ ಒಂಬತ್ತು ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಅವನ ಸಹಿ, ಇಸವಿ. ಬಂದವರಿಗೆಲ್ಲ ಧಣಿಗಳು ತೋರಿಸುವುದು, ಶೀನಪ್ಪ ಅಂಗಳದಲ್ಲಿ ಕೈಕಟ್ಟಿ ನಿಂತು ಕೇಳುವುದು. ಅವನ ಬದುಕಿನಲ್ಲಿ ಹೊಗಳಿಕೆ ಅಂತ ಸಿಕ್ಕಿದ್ದು ಅಷ್ಟೇ.

ಅರುವತ್ತೈದರಲ್ಲಿ ಹೊಸ ಭೂಸುಧಾರಣೆಯ ಕಾನೂನು ಜಾರಿಗೆ ಬಂತು. ಒಕ್ಕಲುಗಳನ್ನು ಬೇಕಾದ ಹಾಗೆ ಎಬ್ಬಿಸುವ ಹಾಗಿಲ್ಲ ಎಂದು ಗೊತ್ತಾದದ್ದೇ ಧಣಿಗಳೆಲ್ಲ ಒಕ್ಕಲುಗಳೇ ಇಲ್ಲ ಎನ್ನತೊಡಗಿದರು. ನೀಲಾವತಿ ನಮ್ಮ ಒಕ್ಕಲುಗಳ ಸಂಘದ ಮೂಲಕ ಬಂಟ್ವಾಳದ ಕಚೇರಿಗೆ ಅರ್ಜಿ ಕೊಟ್ಟಳು. ಗದ್ದೆ ನನ್ನ ಸ್ವಂತ ಬೇಸಾಯದ್ದು, ಆ ಗುಡಿಸಲನ್ನು ಸಂಘದವರು ಕಳೆದ ವರ್ಷ ತಂದು ಕಟ್ಟಿಸಿದ್ದು ಎಂದು ಮುಂಡಪ್ಪ ಧಣಿಗಳು ಅಲ್ಲಿ ಹೇಳಿಕೆ ಕೊಟ್ಟರು. ನೀಲಾವತಿಯ ಕೈಯಲ್ಲಿ ಒಂದು ರಶೀದಿ ಇಲ್ಲ, ಭತ್ತ ಅಳೆಯುವಾಗ ಯಾರೂ ರಶೀದಿ ಕೊಡುತ್ತಿರಲಿಲ್ಲ. ಸಾಕ್ಷಿ ಹೇಳಬೇಕಾದ ನೆರೆಯವರಿಗೆಲ್ಲ ಅದೇ ಧಣಿಗಳು. ಒಬ್ಬನಿಗೆ ಜ್ವರ ಬಂತು, ಒಬ್ಬ ಘಟ್ಟ ಹತ್ತಿದ. ಇನ್ನೊಬ್ಬ ತನಗೆ ಕಣ್ಣು ಮಂಜು ಎಂದ.

ಧಣಿಗಳ ವಕೀಲ ಚಾವಡಿಗೆ ಬಂದವನು ಗೋಡೆ ನೋಡಿದ. ಒಂಬತ್ತು ವರ್ಷ, ಒಂದೇ ಬೈಲು, ಒಂದರಲ್ಲೂ ಗುಡಿಸಲು ಇಲ್ಲ.

ಮರುದಿನ ಧಣಿಗಳ ಕಾರುಭಾರಿ ಡೊಂಬಯ್ಯ ಶೀನಪ್ಪನ ಜಗಲಿಗೆ ಬಂದು ಕೂತ. ಎಲೆಗೆ ಸುಣ್ಣ ಸವರುತ್ತಾ ನಿಧಾನ ಹೇಳಿದ: "ಶೀನಪ್ಪ, ನಿನ್ನ ಅದೃಷ್ಟ ಮಾರಾಯ. ಧಣಿಗಳು ನಿನ್ನ ಚಿತ್ರವನ್ನು ಬಂಟ್ವಾಳದ ಕಚೇರಿಗೆ ಕೊಂಡೋಗ್ತಾರೆ. ನೀನು ಬಂದು ಸಹಿ ನನ್ನದೇ ಅಂತ ಹೇಳಿದರಾಯಿತು."

"ಅಷ್ಟೇನಾ?"

"ಅಷ್ಟೇ. ಹೆಚ್ಚು ಎಂತದೂ ಬೇಡ." ಡೊಂಬಯ್ಯ ಮೇಲೆ ನೋಡಿದ. "ಮಾಡು ಹಳತಾಯಿತಲ್ಲ. ಆದರೆ ವಿಚಾರಣೆ ಮುಗಿಯುವವರೆಗೆ ಹೊಸ ಮುಳಿಹುಲ್ಲು ಹಾಕುವುದು ಬೇಡ ಅಂದಿದ್ದಾರೆ ಧಣಿಗಳು. ಸುಮ್ಮನೆ ದಂಡ ಆಗ್ತದೆ ಅಂತ."

ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಎಲೆ ಅಡಿಕೆ ಮುಗಿಸಿ ಎದ್ದು ಹೋದ. ಶೀನಪ್ಪ ಸಂಜೆಯೊಳಗೆ ಚೆಂಬು ಹಿಡಿದು ನಾಲ್ಕು ಸಲ ಗುಡ್ಡೆಗೆ ಓಡಿದ.

ಅಷ್ಟರಲ್ಲಿ ನೀಲಾವತಿ ಬಂದಳು. ಅಂಗಳದಲ್ಲೇ ನಿಂತಳು. ಶೀನಪ್ಪನ ಹೆಂಡತಿ ರಾಜೀವಿ ಒಳಗಿನಿಂದ ಕುಳಿತುಕೊಳ್ಳಿ ಎನ್ನಲಿಲ್ಲ.

"ಶೀನಪ್ಪಣ್ಣ, ನಿಮ್ಮ ಪುಸ್ತಕಗಳು ಉಂಟಲ್ಲ?"

"ಯಾವ ಪುಸ್ತಕ?"

"ನಾನು ನೀರು ತರುವಾಗ ಗೀಚುತ್ತಿದ್ದದ್ದು. ತಾರೀಕು ಹಾಕಿದ್ದು."

"ಅದೆಲ್ಲ ಗೆದ್ದಲು ಹಿಡಿದು ಹೋಯಿತು ನೀಲಕ್ಕ."

ನೀಲಾವತಿ ಅವನ ಮುಖ ನೋಡಿದಳು. "ಆಯಿತು. ಗೆದ್ದಲು ಹಿಡಿಯದ್ದು ಏನಾದರೂ ಉಳಿದಿದ್ದರೆ ನೋಡಿ" ಎಂದು ಹೊರಟಳು.

ಪುಸ್ತಕಗಳು ಅಟ್ಟದಲ್ಲೇ ಇದ್ದವು, ಹನ್ನೊಂದು. ರಾಜೀವಿ ಅವನ್ನು ಇಳಿಸಿ ಒಲೆಯ ಬುಡದಲ್ಲಿಟ್ಟಳು. "ಬೆಂಕಿಗೆ ಹಾಕುವ. ಪುಸ್ತಕ ಇಲ್ಲದಿದ್ದರೆ ಹೆದರಿಕೆಯೂ ಇಲ್ಲ. ಅವಳ ಮನೆ ಉಳಿಸಲಿಕ್ಕೆ ಹೋಗಿ ನಮ್ಮದು ಹೋದರೆ ಮಳೆಗಾಲಕ್ಕೆ ಎಲ್ಲಿ ಮಲಗುವುದು?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಶೀನಪ್ಪ ಒಂದು ಪುಸ್ತಕ ಬಿಡಿಸಿ ಒಲೆಯ ಮುಂದೆ ಕೂತ. ಐವತ್ತೊಂಬತ್ತರ ಜನವರಿ: ನೀಲಾವತಿಯ ಗಂಡ ಮಾಡಿನ ಮೇಲೆ ಕೂತು ಹುಲ್ಲು ಹೊದಿಸುತ್ತಿದ್ದಾನೆ. ಅರುವತ್ತರ ಪುಟದಲ್ಲಿ ಮಾಡು ಉಂಟು, ಗಂಡ ಇಲ್ಲ. ಪಕ್ಕದಲ್ಲಿ ಅವನದೇ ಅಕ್ಷರ: 'ಇವತ್ತು ನೀರು ತರಲಿಲ್ಲ.' ಶೀನಪ್ಪ ಎರಡು ಪುಟ ತಿರುಗಿಸಿದ, ಮುಚ್ಚಿದ. ಸುಡಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ. ಬೆಳಿಗ್ಗೆ ಬಣ್ಣದ ಚೀಲದ ಅಡಿಯಲ್ಲಿ ಪುಸ್ತಕಗಳನ್ನು ತುಂಬಿ, ಬೆಳ್ತಂಗಡಿಯಲ್ಲಿ ಬೋರ್ಡು ಉಂಟು ಎಂದು ಹೇಳಿ ಕಕ್ಕಿಂಜೆಯಲ್ಲಿದ್ದ ರಾಜೀವಿಯ ಅಣ್ಣ ನೋಣಯ್ಯನ ಮನೆಗೆ ಓಡಿದ.

ಅಲ್ಲಿ ಐದು ದಿನ ಕೂತ. ನೋಣಯ್ಯ ಕೇಳಿದ್ದಕ್ಕೆ ಹೊಟ್ಟೆನೋವು ಎಂದ. ಚಾರ್ಮಾಡಿ ಘಾಟಿಯಿಂದ ಇಳಿಯುವ ಪ್ರತಿ ವಾಹನಕ್ಕೂ ಕಿವಿ ಕೊಟ್ಟು ಕೂರುವುದು, ಗೇರು ಬದಲಿಸಿದ ಸದ್ದಿಗೆ ಒಳಗೆ ಹೋಗುವುದು. ಆರನೆಯ ದಿನ ಮಧ್ಯಾಹ್ನ ಡೊಂಬಯ್ಯ ಬಸ್ಸಿನಿಂದ ಇಳಿದು, ನೋಣಯ್ಯನ ಮನೆ ಯಾವುದು ಎಂದು ಯಾರನ್ನೂ ಕೇಳದೆ ನೇರ ಬಂದ.

"ಹೊಟ್ಟೆನೋವು ಹೇಗುಂಟು?" ಎಂದ. "ನಾಡಿದ್ದು ಬುಧವಾರ ವಿಚಾರಣೆ. ನಿನ್ನ ಮನೆಯಲ್ಲಿ ರಾಜೀವಿ ಒಬ್ಬಳೇ ಇದ್ದಾಳಲ್ಲ, ಅದಕ್ಕೆ ಹೇಳಿ ಹೋಗುವ ಅಂತ ಬಂದೆ."

ನೋಣಯ್ಯ ಕೊಟ್ಟ ಮಜ್ಜಿಗೆ ಕುಡಿದು ಮರುಬಸ್ಸಿಗೆ ಹೋದ. ಓಡಿಹೋಗಲು ಕಕ್ಕಿಂಜೆಗಿಂತ ದೂರದ ಊರು ಶೀನಪ್ಪನಿಗೆ ಗೊತ್ತಿರಲಿಲ್ಲ. ಸಂಜೆಗೆ ಮನೆಗೆ ಬಂದ, ಪುಸ್ತಕಗಳ ಸಮೇತ.

ಮಂಗಳವಾರ ಬಿ.ಸಿ.ರೋಡಿನಲ್ಲಿ ಒಂದು ಬಸ್ಸಿನ ಬೋರ್ಡು ಬರೆಯುವುದಿತ್ತು. ಬಸ್ ಏಜೆಂಟ್ ಉಮ್ಮರ್ ನೋಡಿ ನಕ್ಕ. "ಎಂತ ಶೀನಪ್ಪಣ್ಣ, ಬಸ್ಸು ಓಡುವಾಗ ಅಕ್ಷರ ಅಲುಗಾಡಬೇಕು. ನಿಮ್ಮದು ನಿಂತಲ್ಲೇ ಅಲುಗಾಡ್ತದಲ್ಲ ಮಾರಾಯ್ರೆ."

ಶೀನಪ್ಪ ಒರೆಸಿ ಬರೆದ. ಮತ್ತೆ ಒರೆಸಿದ. ಕೊನೆಗೆ ಬ್ರಶ್ಶು ಕೆಳಗಿಟ್ಟು ಕೇಳಿದ: "ಉಮ್ಮರ್, ನಿಮ್ಮ ಅಂಗಡಿಯ ಹಿಂದಿನ ಕೋಣೆ ಖಾಲಿ ಉಂಟಾ?"

"ಗೋಣಿಚೀಲ ಉಂಟು. ತೆಗೆದರೆ ಖಾಲಿ. ಯಾರಿಗೆ?"

"ಸುಮ್ಮನೆ ಕೇಳಿದ್ದು" ಎಂದ ಶೀನಪ್ಪ.

ಬುಧವಾರ ಕಚೇರಿಯಲ್ಲಿ ಒಂಬತ್ತು ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಧಣಿಗಳು ಕುರ್ಚಿಯಲ್ಲಿ, ಡೊಂಬಯ್ಯ ಅವರ ಹಿಂದೆ, ನೀಲಾವತಿ ಮತ್ತು ನಾವು ನಾಲ್ಕು ಜನ ಸಂಘದವರು ಬಾಗಿಲ ಹತ್ತಿರ. ಶೀನಪ್ಪ ಆ ಸೆಕೆಯಲ್ಲೂ ಕೋಟು ಹಾಕಿ ಬಂದಿದ್ದ. ನಮಗೆ ಅವನ ಮೇಲೆ ಉಗಿಯುವಷ್ಟು ಸಿಟ್ಟಿತ್ತು.

ವಕೀಲ ಕೇಳಿದ: "ಸಹಿ ನಿನ್ನದಾ?"

"ಹೌದು."

"ಇಸವಿ ನೀನೇ ಬರೆದದ್ದಾ?"

"ಹೌದು."

"ಅಲ್ಲೇ ಕೂತು, ಬೈಲನ್ನು ನೋಡಿ ಬಿಡಿಸಿದ್ದಾ?"

"ಹೌದು."

"ಇಷ್ಟೇ ಸ್ವಾಮಿ" ಎಂದು ವಕೀಲ ಕೂತ. ನೀಲಾವತಿ ನೆಲ ನೋಡುತ್ತಿದ್ದಳು.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಧಿಕಾರಿ ಘಟ್ಟದ ಮೇಲಿನವರು, ಚಿತ್ರದ ಆಸಕ್ತಿಯವರು. ಒಂದನ್ನು ಹತ್ತಿರಕ್ಕೆ ತರಿಸಿಕೊಂಡರು. "ಚೆನ್ನಾಗಿ ಬಿಡಿಸಿದ್ದೀಯಪ್ಪ. ನಿಮ್ಮ ಕಡೆ ಹಂಸ ಇದಾವೇನು?"

ಶೀನಪ್ಪ ಕೋಟಿನ ಮೇಲಿನಿಂದ ಹೊಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. "ಇಲ್ಲ ಸ್ವಾಮಿ" ಎಂದ.

"ಮತ್ತೆ ಇದೇನು?"

"ಧಣಿಗಳು ಹಾಕು ಅಂದರು. ಹಾಕಿದೆ."

ಯಾರೋ ಕಿಸಕ್ಕನೆ ನಕ್ಕರು. ಶೀನಪ್ಪ ಒಮ್ಮೆ ಹಿಂದೆ ತಿರುಗಿ ಡೊಂಬಯ್ಯನನ್ನು ನೋಡಿದ. ಡೊಂಬಯ್ಯ ಬಹಳ ನಿಧಾನವಾಗಿ ತಲೆ ಅಲ್ಲಾಡಿಸಿದ, ಬೇಡ ಎಂದು. ಆಮೇಲೆ ಶೀನಪ್ಪ ಹೇಳಿದ್ದು ನಮಗೆ ಸರಿಯಾಗಿ ಕೇಳಿಸಲಿಲ್ಲ. ಅಧಿಕಾರಿ ಗಟ್ಟಿಯಾಗಿ ಹೇಳು ಎಂದರು.

"ಇಲ್ಲದ್ದನ್ನು ಹಾಕಿದ್ದೇನೆ ಸ್ವಾಮಿ. ಇದ್ದದ್ದನ್ನು ತೆಗೆದಿದ್ದೇನೆ. ಆ ಮಾವಿನ ಮರವೂ ಸುಳ್ಳು. ಅಲ್ಲಿ ಈ ನೀಲಕ್ಕನ ಮನೆ ಉಂಟು, ಮೊದಲಿಂದಲೂ ಉಂಟು. ಚಿತ್ರಕ್ಕೆ ಚೆಂದ ಇಲ್ಲ ಅಂತ ನಾನೇ ಬಿಟ್ಟದ್ದು. ನನ್ನ ಒಂಬತ್ತೂ ಚಿತ್ರ ಸುಳ್ಳು."

ಕೋಟಿನ ಗುಂಡಿ ಬಿಚ್ಚಿದ. ಹೊಟ್ಟೆಗೆ ಪಂಚೆಯಿಂದ ಬಿಗಿದು ಕಟ್ಟಿದ್ದ ಹನ್ನೊಂದು ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಮೇಲಿನ ಪುಸ್ತಕ ಬೆವರಿಗೆ ಒದ್ದೆಯಾಗಿ ಪೆನ್ಸಿಲಿನ ಗೆರೆ ಹರಡಿತ್ತು. ಇಟ್ಟವನು ಹಾಗೇ ನೆಲದಲ್ಲಿ ಕುಕ್ಕರಿಸಿದ. ಯಾರೋ ನೀರು ಕೊಟ್ಟರು, ಅರ್ಧ ಚೆಲ್ಲಿಕೊಂಡ.

ಅಧಿಕಾರಿ ಮುಕ್ಕಾಲು ಗಂಟೆ ಪುಟ ತಿರುವಿದರು. ವಾರದ ನಂತರ ಜಾಗಕ್ಕೇ ಬಂದು ಪುಸ್ತಕವನ್ನೂ ಬಾವಿಯನ್ನೂ ಹೋಲಿಸಿ ನೋಡಿದರು. ನೀಲಾವತಿ ಪಕ್ಕದಲ್ಲಿ ನಿಂತು ಇಣುಕಿದಳು.

"ಶೀನಪ್ಪಣ್ಣ, ನನ್ನ ಬಾವಿಕಟ್ಟೆಯನ್ನು ವಾರೆ ಮಾಡಿದ್ದೀರಿ."

"ಅದು ವಾರೆಯೇ ಇರುವುದು ನೀಲಕ್ಕ" ಎಂದ ಅವನು, ಜೀಪಿನ ಮರೆಯಿಂದ.

ನಾಲ್ಕು ತಿಂಗಳಿಗೆ ತೀರ್ಪು ಬಂತು. ನೀಲಾವತಿ ಒಕ್ಕಲು ಹೌದು, ಎಬ್ಬಿಸುವ ಹಾಗಿಲ್ಲ. ಆದರೆ ಶೀನಪ್ಪ ಅದಕ್ಕೆ ಮೊದಲೇ ಸಿದ್ಧಕಟ್ಟೆ ಬಿಟ್ಟಿದ್ದ. ವಿಚಾರಣೆಯಾದ ಮೂರನೆಯ ದಿನ ಅವನ ಅಂಗಳದಲ್ಲಿ ಒಂಬತ್ತು ಚಿತ್ರಗಳು ಬಿದ್ದಿದ್ದವು, ಗಾಜು ಒಡೆದು. ಆ ವರ್ಷ ಹುಲ್ಲು ಹಾಕದ ಮಾಡು ಮೊದಲ ಮಳೆಗೇ ಕುಸಿಯಿತು. ನೀವೂ ಒಂದು ಅರ್ಜಿ ಕೊಡಿ, ನಿಮ್ಮ ಜಾಗವನ್ನೂ ಉಳಿಸುವ ಎಂದು ನಾವು ಹೇಳಿದೆವು. "ಒಂದು ಸಲ ಹೆದರಿದ್ದು ಸಾಕು ಮಾರಾಯ್ರೆ" ಎಂದು ರಾಜೀವಿಯನ್ನು ಕರೆದುಕೊಂಡು ಉಮ್ಮರನ ಗೋಣಿಚೀಲದ ಕೋಣೆಗೆ ಹೋದ. ರಾಜೀವಿ ಎರಡು ತಿಂಗಳು ಅವನೊಡನೆ ಮಾತಾಡಲಿಲ್ಲ.

ಬೋರ್ಡು ಬರೆದೇ ಜೀವನ ಮುಗಿಸಿದ. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಹೊಸ ನೋಟುಪುಸ್ತಕದಲ್ಲಿ ಗೀಚುತ್ತಿದ್ದ. ಬಣ್ಣದ ಹಾಳೆ ಮತ್ತೆ ಮುಟ್ಟಲಿಲ್ಲ. ಜೀಪು ಬಂದರೆ ಆಗಲೂ ಕಂಬದ ಮರೆಗೆ ಹೋಗುತ್ತಿದ್ದ.

ಆ ಹನ್ನೊಂದು ಪುಸ್ತಕ ಕಚೇರಿಯ ಕಡತದಲ್ಲೇ ಉಳಿದವು. ಕೇಳಿದರೆ ಕೊಡುತ್ತಿದ್ದರು. ಕಚೇರಿಗೂ ಅವನ ಕೋಣೆಗೂ ದೊಡ್ಡ ದೂರವೇನಿಲ್ಲ. ನಾನೇ ಎರಡು ಸಲ ಹೇಳಿದ್ದೆ, ನಡೆಯಿರಿ, ಈಗಲೇ ಹೋಗಿ ಕೇಳುವ ಎಂದು.

"ಬೇಡ" ಎಂದ ಶೀನಪ್ಪ. "ಆ ಮೆಟ್ಟಿಲು ಹತ್ತಲಿಕ್ಕೆ ನನಗೆ ಹೆದರಿಕೆ ಆಗ್ತದೆ."