ಆಯಿ ಹೇಳದ ಹೆಸರು

ಹಾರ್ಮೋನಿಯಂ ಸದ್ದು ಕೇಳಿದರೆ ಇವತ್ತಿಗೂ ನನ್ನ ಎಡತೋಳು ಚುರ್ ಎನ್ನುತ್ತದೆ. ಆಯಿ ಚಿವುಟುತ್ತಿದ್ದುದು ಅಲ್ಲಿಯೇ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಅವಳ ಗಂಡ, ನಾನು ಕಾಣದ ಅಜ್ಜ, ಒಂದು ಕಾಲಕ್ಕೆ ನಾಟಕ ಕಂಪನಿಗಳಿಗೆ ಹಾಡು ಕಟ್ಟಿಕೊಡುತ್ತಿದ್ದವನು. ಕುಷ್ಟಗಿಯಿಂದ ಗಂಗಾವತಿಯವರೆಗೆ ನಾಟಕ ನೋಡದವರ ಬಾಯಲ್ಲೂ ಅವನ ಹಾಡುಗಳಿದ್ದವಂತೆ. ಹಾಡಿನ ಕೊನೆಯ ಸಾಲಿನಲ್ಲಿ ಕಟ್ಟಿದವರ ಹೆಸರು ಬರುವುದು ವಾಡಿಕೆ. ನಮ್ಮ ಪುಣ್ಯಾತ್ಮ ಅಲ್ಲಿ ತನ್ನ ಹೆಸರು ಬಿಟ್ಟು, ಅವತ್ತು ಊಟ ಹಾಕಿದವರ ಹೆಸರು ಕೂಡಿಸುತ್ತಿದ್ದ. ಅವನ ಎಲ್ಲಕ್ಕಿಂತ ಒಳ್ಳೆಯ ದೇವರ ಹಾಡು, ಹೋಳಿಗೆ ತುಪ್ಪ ಬಡಿಸಿದ ಯಲಬುರ್ಗಾ ಕಡೆಯ ಗೌಡನೊಬ್ಬನ ಪಾಲಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ! ಒಂದೇ ಒಂದು ಹಾಡಿಗೆ ತನ್ನ ಹೆಸರು ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕೊಪ್ಪಳ ಜಿಲ್ಲೆಯಾದ ವರ್ಷ ನನಗೆ ಹತ್ತು. ಭಾಗ್ಯನಗರದ ನಮ್ಮ ಓಣಿಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಆ ಹಾಡಿನಲ್ಲಿ ಗೌಡನ ಹೆಸರು ಬಂತೋ, ಆಯಿ ಎದ್ದು ನಿಲ್ಲುತ್ತಿದ್ದಳು.

"ನಿಲ್ಲಸ್ರಿ! ಆ ಗೌಡಗ ಸಹಿ ಮಾಡಾಕ ಬರ್ತಿದ್ದಿಲ್ಲ, ಹಾಡೇನ್ ಕಟ್ಟತಾನ? ಇದು ನಮ್ಮನಿಯವರ ಹಾಡು. ಅವರ ಹೆಸರು ಹಾಕಿ ಹಾಡ್ರಿ."

"ಹೆಸರ ಹೇಳ್ರಿ ಆಯಿ, ಹಾಕ್ತೀವಿ," ಎಂದು ಹಾರ್ಮೋನಿಯಂ ಮುದುಕ ನಗುತ್ತಿದ್ದ.

ತೊಡಕು ಇದ್ದದ್ದೇ ಅಲ್ಲಿ. ಗಂಡನ ಹೆಸರನ್ನು ಆಯಿ ಸತ್ತರೂ ಬಾಯಿಬಿಟ್ಟು ಹೇಳುವವಳಲ್ಲ. ಎಲೆಯಡಿಕೆ ವಾಸನೆಯ ಸೆರಗನ್ನು ಬಾಯಿಗೆ ಹಿಡಿದು ನನ್ನ ತೋಳು ಚಿವುಟುತ್ತಿದ್ದಳು. ನಾನು "ಫಕೀರಪ್ಪ" ಎನ್ನಬೇಕು. ಭಜನೆಯವರು ಹೂಂಗುಟ್ಟುತ್ತಿದ್ದರು, ಮುಂದಿನ ಸೋಮವಾರ ಮತ್ತೆ ಅದೇ ಗೌಡ, ಅದೇ ಚಿವುಟು. ಓಣಿಯ ಹುಡುಗಿಯರು ನನ್ನನ್ನೇ ಫಕೀರಪ್ಪ ಎಂದು ಕರೆಯತೊಡಗಿದರು. ನನಗೆ ಸಾಕುಸಾಕಾಗಿ ಹೋಗಿತ್ತು.

ಒಂದು ಸೋಮವಾರ ಅವಳು ಎಷ್ಟು ಚಿವುಟಿದರೂ ನಾನು ಬಾಯಿ ಬಿಡಲಿಲ್ಲ. ಎಲ್ಲರೂ ಕಾದರು. ಆಯಿಯ ತುಟಿಗಳು ಅಲುಗಿದವು, ಹೆಸರು ಹೊರಬರಲಿಲ್ಲ. ಹಾಡು ಮುಂದುವರಿಯಿತು. ಮನೆಗೆ ಬರುವಾಗ ಇಷ್ಟೇ ಅಂದಳು: "ನಾ ಹೇಳಂಗಿಲ್ಲ, ನೀ ಹೇಳೂದಿಲ್ಲ. ಇನ್ನ ಅವರ ಹೆಸರು ಯಾರ ಬಾಯಾಗ ಉಳೀತೈತವ್ವಾ?" ಆಮೇಲೆ ಅವಳು ಭಜನೆಯ ಕಡೆ ಸುಳಿಯಲಿಲ್ಲ. ನನಗೋ, ಪೀಡೆ ಕಳೆಯಿತು ಎನಿಸಿತು. ಆ ಸಮಾಧಾನ ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರು ವರ್ಷಕ್ಕೆ ಆಯಿ ತೀರಿಕೊಂಡಳು. ಅದೇ ಭಜನೆಯವರು ಅದೇ ಹಾಡು ಹೇಳುತ್ತಾ ಹೆಣದ ಮುಂದೆ ನಡೆದರು. ಓಣಿಯ ತುದಿಯವರೆಗೆ ನಾನೂ ನಡೆದೆ. ಗೌಡನ ಹೆಸರು ಬಂತು. ಯಾರೂ ಚಿವುಟಲಿಲ್ಲ, ನಾನೇ ಕೂಗಿದೆ: "ಫಕೀರಪ್ಪ! ಇದು ಫಕೀರಪ್ಪನ ಹಾಡು!" ತಾಳದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.