ಮುಚ್ಚಳ ಬಿಗಿ ಮಾಡುವ ಕೆಲಸ

ಬೆಳಗಿನ ಆರು ಗಂಟೆ. ಕೋಣೆಯ ನಟ್ಟನಡುವೆ ಆಕೆ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಪ್ರಾರ್ಥನೆ ಇರಬೇಕು ಅಂದುಕೊಂಡು, ಒಂದು ದಿನ ಇವರ ಕೆಲಸ ನೋಡಿ ಬರೆಯಲು ಬಂದ ನಾನೂ ಕೈಕಟ್ಟಿ ನಿಲ್ಲುತ್ತೇನೆ. ಒಂದು ನಿಮಿಷ ಕಳೆದ ಮೇಲೆ ಕಣ್ಣು ಬಿಟ್ಟು ಮೇಲಿನ ಟ್ಯೂಬ್‌ಲೈಟಿನ ಕಡೆ ಬೆರಳು ತೋರಿಸುತ್ತಾರೆ. "ಇದು ಗುಂಯ್ ಅಂತಿದೆ. ಕೇಳಿಸ್ತಾ?" ನನಗೇನೂ ಕೇಳಿಸುವುದಿಲ್ಲ. "ನನಗೂ ಮೊದಮೊದಲು ಕೇಳಿಸ್ತಿರ್ಲಿಲ್ಲ. ಮಕ್ಕಳಿಗೆ ಕೇಳಿಸುತ್ತೆ. ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಆಗುತ್ತೆ, ಪಾಪ." ಕುರ್ಚಿ ಎಳೆದು, ಊದಿದ ಮಂಡಿ ಹಿಡಿದುಕೊಂಡು, ಅಯ್ಯೋ ಎನ್ನುತ್ತಲೇ ಮೇಲೆ ಹತ್ತಿ ಟ್ಯೂಬು ಬದಲಿಸುತ್ತಾರೆ.

ಇದು ಆಟಿಸಂ ಇರುವ ಮಕ್ಕಳ ಬಗ್ಗೆ ಸಂಶೋಧನೆ ನಡೆಸುವ ಒಂದು ಚಿಕ್ಕ ಕೇಂದ್ರ. ಎರಡನೇ ಮಹಡಿಯಲ್ಲಿ ಪರೀಕ್ಷೆಯ ಕೋಣೆ, ಅದರಾಚೆ ಉದ್ದನೆಯ ಬೆಂಚಿರುವ ಪಡಸಾಲೆ. ಅರವತ್ತನಾಲ್ಕು ಮಕ್ಕಳನ್ನು ಇಲ್ಲಿನ ಡಾಕ್ಟರು ಮೂರು ವರ್ಷದಿಂದ ಬೆನ್ನುಹತ್ತಿ ನೋಡುತ್ತಿದ್ದಾರೆ. ದಿನಕ್ಕೆ ಐದು ಮಕ್ಕಳು, ಒಬ್ಬೊಬ್ಬರಿಗೆ ಐವತ್ತು ನಿಮಿಷ. ಮಗು ಯಾವುದಕ್ಕೆ ನಗುತ್ತದೆ, ಯಾರ ಮುಖ ನೋಡುತ್ತದೆ, ಬೇಕಾದ್ದನ್ನು ಹೇಗೆ ಕೇಳುತ್ತದೆ, ಎಲ್ಲವೂ ವಿಡಿಯೊದಲ್ಲಿ ದಾಖಲಾಗುತ್ತದೆ. ಐದೂ ಮಕ್ಕಳಿಗೆ ಕೋಣೆ ಒಂದೇ ಥರ ಇರಬೇಕು. ಇರುವ ಹಾಗೆ ನೋಡಿಕೊಳ್ಳುವವರು ಈಕೆ. ವಯಸ್ಸು ಐವತ್ಮೂರು, ಕಡತದಲ್ಲಿ ಹುದ್ದೆ 'ಸಹಾಯಕಿ', ಎಲ್ಲರ ಬಾಯಲ್ಲಿ ಮುಚ್ಚಳದಮ್ಮ. ಆ ಹೆಸರು ಯಾಕೆ ಬಂತು ಎನ್ನುವುದೇ ಒಂದು ಕಥೆ, ಅದಕ್ಕೆ ಬರುತ್ತೇನೆ.

ಗೋಡೆಯ ಗಡಿಯಾರದ ಸೆಲ್ಲು ತೆಗೆದಿಡುತ್ತಾರೆ. ನೆಲಕ್ಕೆ ಬರಿ ನೀರು, ಫಿನಾಯಿಲ್ ಮುಟ್ಟುವಂತಿಲ್ಲ. ಬಾಗಿಲ ತಿರುಗಣಿಗೆ ಎರಡು ತೊಟ್ಟು ಎಣ್ಣೆ. ಹೋದ ವರ್ಷ ಯಾರೋ ಪುಣ್ಯಾತ್ಮರು ಕ್ಯಾಲೆಂಡರು ನೇತುಹಾಕಿದ್ದರಂತೆ. ಮಗುವೊಂದು ಮೂವತ್ತೊಂದು ತಾರೀಕನ್ನೂ ಮೂವತ್ತೊಂದು ಸಲ ಓದಿತು, ಪರೀಕ್ಷೆ ಅಲ್ಲಿಗೆ ಮುಗಿಯಿತು. ಮೇಜಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಗೆರೆಗಳಿವೆ. ಗೊಂಬೆ ಇಲ್ಲಿ, ಕಾರು ಇಲ್ಲಿ, ಚೆಂಡು ಇಲ್ಲಿ. ಒಂದು ಬೆರಳಗಲ ಆಚೀಚೆ ಆದರೂ ಬಾಗಿಲಿನಿಂದಲೇ ವಾಪಸಾಗುವ ಮಕ್ಕಳಿದ್ದಾರೆ.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಗಂಡನಿಗೆ ಸೊಂಟ ಬಿದ್ದು ದುಡಿಮೆ ನಿಂತಿತ್ತು. ಈಗಲೂ ನಾಲ್ಕಕ್ಕೆ ಎದ್ದು, ಅವರನ್ನು ಎಬ್ಬಿಸಿ ಕೂರಿಸಿ, ಅಡುಗೆ ಮುಗಿಸಿ ಎರಡು ಬಸ್ಸು ಹತ್ತುತ್ತಾರೆ. "ಸುಸ್ತು ಅನ್ನೋದು ನನಗೆ ಸ್ವಂತ ತಂಗಿ ಇದ್ದ ಹಾಗೆ. ಜೊತೆಗೇ ಬರುತ್ತೆ, ಜೊತೆಗೇ ಹೋಗುತ್ತೆ," ಎಂದು ನಗುತ್ತಾರೆ. ಆ ನಗುವಿನಲ್ಲೂ ಆಕಳಿಕೆ.

ಎಂಟರಿಂದ ಪಡಸಾಲೆ ತುಂಬುತ್ತದೆ. ಒಳಗಿನ ಕೆಲಸಕ್ಕಿಂತ ಈ ಬೆಂಚೇ ಭಾರ ಎಂದು ನನಗೆ ಅರ್ಧ ದಿನದಲ್ಲೇ ಗೊತ್ತಾಯಿತು. ಬಂದ ತಾಯಂದಿರು ಒಳಗೆ ಡಾಕ್ಟರ ಮುಂದೆ ತಲೆಯಾಡಿಸಿ, ಹೊರಗೆ ಬಂದು ಈಕೆಯ ಹತ್ತಿರ ಅಳುತ್ತಾರೆ. "ಮೇಡಂ ಮುಂದೆ ಅಳೋಕೆ ನಾಚಿಕೆ. ಕಸ ಗುಡಿಸೋಳ ಮುಂದೆ ಏನು ನಾಚಿಕೆ? ಮನೆಗೆ ಹೋಗೋಷ್ಟರಲ್ಲಿ ನನ್ನ ತಲೆ ಅವರ ಕಷ್ಟದ ಸಂತೆ ಆಗಿರುತ್ತೆ." ಮಕ್ಕಳ ಜೊತೆ ಮಾತ್ರ ಮಾತೇ ಆಡುವುದಿಲ್ಲ. ಬೆನ್ನು ತಿರುಗಿಸಿ ಬೆಂಚು ಒರೆಸುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕೈ ಬಂದು ಆ ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತದೆ. "ಬಾ ಚಿನ್ನಾ ಅಂದ್ರೆ ಓಡ್ತವೆ. ನನ್ನ ಪಾಡಿಗೆ ನಾನಿದ್ರೆ ತಾವೇ ಬರ್ತವೆ."

ಇನ್ನು ಮುಚ್ಚಳದ ಕಥೆ. ಪರೀಕ್ಷೆಯಲ್ಲಿ ಸೋಪಿನ ಗುಳ್ಳೆಯ ಬಾಟಲಿ ಒಂದಿದೆ. ಡಾಕ್ಟರು ನಾಲ್ಕು ಗುಳ್ಳೆ ಊದಿ ತೋರಿಸಿ, ಅಂಥದೇ ಇನ್ನೊಂದು ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಾರೆ. ಅದರ ಮುಚ್ಚಳ ಮಗುವಿಗೆ ಬಗ್ಗದಷ್ಟು ಬಿಗಿ. ಮಗು ಆಗ ಏನು ಮಾಡುತ್ತದೆ? ಡಾಕ್ಟರ ಮುಖ ನೋಡುತ್ತದೆಯೋ, ಬಾಟಲಿ ಚಾಚುತ್ತದೆಯೋ, ಅವರ ಕೈಯನ್ನೇ ಎಳೆದು ಮುಚ್ಚಳದ ಮೇಲೆ ಇಡುತ್ತದೆಯೋ, ಎಸೆದು ಅಳುತ್ತದೆಯೋ. ಮಗು ಸಹಾಯ ಕೇಳುವ ಬಗೆ ತಿಳಿಯುವುದು ಅಲ್ಲೇ. ಬೆಳಿಗ್ಗೆ ಐದು ಬಾಟಲಿಗೂ ಮುಚ್ಚಳ ಬಿಗಿ ಮಾಡುವುದು ಈಕೆಯ ಕೆಲಸ.

ಒಂದೂವರೆ ವರ್ಷದ ಹಿಂದೆ ಒಂದು ದಿನ, ಮೊದಲು ಬಂದ ಮಗು ಬಾಟಲಿ ಅಪ್ಪಿಕೊಂಡು ಅತ್ತಿತು. ಎಂಥ ಅಳುವೆಂದರೆ, ಬೀದಿಗೆ ಕೇಳಿಸುವಷ್ಟು. "ನನ್ನ ಕರುಳು ಕಿತ್ತು ಬಂತು. ಆ ಮಗು ಆಚೆ ಹೋದ ಮೇಲೆ ಉಳಿದ ನಾಲ್ಕು ಬಾಟಲಿ ಮುಚ್ಚಳಾನೂ ಅರ್ಧ ಸುತ್ತು ಸಡಿಲ ಮಾಡಿಟ್ಟೆ. ಅವಾದ್ರೂ ಅಳದೇ ಇರ್ಲಿ ಅಂತ." ನಾಲ್ಕೂ ಮಕ್ಕಳು ಮುಚ್ಚಳ ತಾವೇ ತೆಗೆದು ನಕ್ಕವು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲವಲ್ಲ. ನಾಲ್ಕೂ ಪರೀಕ್ಷೆ ನೀರಿನಲ್ಲಿ ಹೋಮ.

ಸಂಜೆಯೇ ಡಾಕ್ಟರ ಮುಂದೆ ನಿಂತು ತಪ್ಪು ಒಪ್ಪಿಕೊಂಡರು. ಡಾಕ್ಟರು ಬೈಯಲಿಲ್ಲ. 'ಪರೀಕ್ಷೆ ಸಮರ್ಪಕವಾಗಿ ಆಗದ ಕಾರಣ ಮಗುವನ್ನು ಮತ್ತೊಮ್ಮೆ ಕರೆತನ್ನಿ' ಎಂದು ನಾಲ್ಕು ಮನೆಗೆ ಪತ್ರ ಹೋಯಿತು, ತಪ್ಪು ಯಾರದೆಂದು ಅದರಲ್ಲಿ ಇರಲಿಲ್ಲ. ಮೂವರು ಬಂದರು. ಒಬ್ಬ ತಾಯಿ ಬರಲಿಲ್ಲ. ಆಕೆಯ ಮಗಳಿಗೆ ಆಗ ನಾಲ್ಕೂವರೆ, ಬಸ್ಸಿನ ಸದ್ದಿಗೆ ಕಿವಿ ಮುಚ್ಚಿಕೊಂಡು ದಾರಿಯುದ್ದಕ್ಕೂ ಚೀರುವ ಮಗು. ಪತ್ರ ಓದಿದ ಅತ್ತೆ, "ನೋಡು, ನಿನ್ನ ಮಗಳು ಅಲ್ಲೂ ಫೇಲು. ಅದಕ್ಕೂ ನೀನೇ ಕಾರಣ" ಎಂದರಂತೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ತಪ್ಪು ಮಾಡಿದ್ದು ನಾನು, ಬೈಗುಳ ತಿಂದಿದ್ದು ಅವಳು," ಎನ್ನುತ್ತಾರೆ ಮುಚ್ಚಳದಮ್ಮ. ಇಷ್ಟು ಹೇಳಿ ತುಂಬ ಹೊತ್ತು ಬಟ್ಟೆ ಹಿಂಡುತ್ತಾರೆ, ನೀರು ಯಾವಾಗಲೋ ಖಾಲಿಯಾಗಿದೆ.

ಈಗ ಕೇಂದ್ರ ಹೊಸ ಕೆಲಸ ಶುರು ಮಾಡುತ್ತಿದೆ. ಪರೀಕ್ಷೆ ಪೂರೈಸಿದ ಮಕ್ಕಳ ಮನೆಗೆ ಎರಡು ವರ್ಷ, ವಾರಕ್ಕೆರಡು ಸಲ ಶಿಕ್ಷಕಿ ಬರುತ್ತಾರೆ. ಮಗುವಿಗೂ ಪಾಠ, ಮನೆಯವರಿಗೂ ಪಾಠ. ಪಟ್ಟಿ ಮುಚ್ಚುವುದು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಅರವತ್ಮೂರು ಹೆಸರು ಸೇರಿವೆ. ಸೇರದ ಒಂದು ಹೆಸರು ಆ ಹುಡುಗಿಯದು. ರಜೆಯ ದಿನಗಳಲ್ಲಿ ಈಕೆ ನಾಲ್ಕು ಸಲ ಆ ಮನೆಯ ಮೆಟ್ಟಿಲು ಹತ್ತಿದ್ದಾರೆ, ಸುಮ್ಮನೆ ಬನ್ನಿ ಬನ್ನಿ ಎಂದು ಕರೆದಿದ್ದಾರೆ. "ನಿಮ್ಮ ಸಹವಾಸವೇ ಬೇಡ" ಎನ್ನುವ ಉತ್ತರ ಬಾಗಿಲ ಸಂದಿಯಿಂದಲೇ ಬಂದಿದೆ.

"ಐದನೇ ಸಲ, ಹೋದ ಭಾನುವಾರ, ಬಾಯಿಬಿಟ್ಟು ಹೇಳಿಬಿಟ್ಟೆ. ನಿಮ್ಮ ಮಗಳು ಫೇಲಾಗಿಲ್ಲ ಅಕ್ಕಾ, ಮುಚ್ಚಳ ಸಡಿಲ ಮಾಡಿದ್ದು ನಾನು, ತಪ್ಪು ನಂದು, ಶನಿವಾರ ಹನ್ನೆರಡರೊಳಗೆ ಬನ್ನಿ ಅಂದೆ. ಅವಳ ಅತ್ತೆನೂ ಅಲ್ಲೇ ನಿಂತಿದ್ರು." ಆಮೇಲೆ? "ಆಮೇಲೇನು. ಒಂದೂವರೆ ವರ್ಷ ಎಲ್ಲಿಗೆ ಹೋಗಿತ್ತು ಈ ನಾಲಿಗೆ ಅಂತ ಕೇಳಿದ್ಲು. ಬಾಗಿಲು ಹಾಕ್ಕೊಂಡ್ಲು. ಸರಿಯಾಗೇ ಕೇಳಿದ್ಲು."

ನಾನು ಕೇಂದ್ರಕ್ಕೆ ಬಂದದ್ದು ಅದೇ ಶನಿವಾರ. ಶನಿವಾರ ಅರ್ಧ ದಿನ, ಎರಡೇ ಮಕ್ಕಳು; ಹತ್ತು ಗಂಟೆಗೆ ಕೊನೆಯ ಮಗುವಿನ ಪರೀಕ್ಷೆಯೂ ಮುಗಿಯಿತು. ಹನ್ನೊಂದಾಯಿತು. ಡಾಕ್ಟರು ಎರಡು ಸಲ ಬಾಗಿಲಿಗೆ ಬಂದು ಪಡಸಾಲೆ ನೋಡಿ ಹೋದರು. ಮುಚ್ಚಳದಮ್ಮ ಒರೆಸಿದ ಬೆಂಚನ್ನೇ ಒರೆಸುತ್ತಿದ್ದಾರೆ. ನನಗಂತೂ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಮೆಟ್ಟಿಲ ಮೇಲೆ ಚೀರುವ ಸದ್ದು. ಎರಡೂ ಕಿವಿ ಮುಚ್ಚಿಕೊಂಡ ಆರು ವರ್ಷದ ಹುಡುಗಿ, ಹಿಂದೆ ಬೆವರಿ ತೊಯ್ದ ತಾಯಿ. ಬಸ್ಸು ಸಾಧ್ಯವಾಗದೆ ಅರ್ಧ ದಾರಿ ನಡೆದೇ ಬಂದಿದ್ದಾರೆ. ನಮಸ್ಕಾರವಿಲ್ಲ, ನಗುವಿಲ್ಲ. ತಾಯಿ ಮುಚ್ಚಳದಮ್ಮನ ಎದುರು ನಿಂತು ಒಂದೇ ಮಾತು ಕೇಳುತ್ತಾಳೆ.

"ಇವತ್ತು ಮುಚ್ಚಳ ಬಿಗಿ ಮಾಡಿದ್ದೀರಾ?"

ಮುಚ್ಚಳದಮ್ಮ ಒಳಗೆ ಹೋಗಿ ಬಾಟಲಿ ತಂದು ಆಕೆಯ ಕೈಗೇ ಕೊಡುತ್ತಾರೆ. ತಾಯಿ ತಿರುವುತ್ತಾಳೆ, ಸೆರಗು ಸುತ್ತಿ ಮತ್ತೊಮ್ಮೆ ತಿರುವುತ್ತಾಳೆ. ಬಗ್ಗುವುದಿಲ್ಲ. "ಸರಿ," ಎಂದು ವಾಪಸು ಕೊಡುತ್ತಾಳೆ. ಹುಡುಗಿಯ ಉಸಿರು ತಹಬಂದಿಗೆ ಬರುವವರೆಗೆ ಕಾದು ಡಾಕ್ಟರು ಒಳಗೆ ಕರೆದೊಯ್ಯುತ್ತಾರೆ. ಬಾಗಿಲು ಮುಚ್ಚುತ್ತದೆ. ಹನ್ನೆರಡಕ್ಕೆ ಮೊದಲೇ ಪರೀಕ್ಷೆಗೆ ಕೂತದ್ದರಿಂದ ಹೆಸರು ಪಟ್ಟಿಗೆ ಸೇರುತ್ತದೆ.

ಅರ್ಧ ಗಂಟೆಯ ಹೊತ್ತಿಗೆ ಒಳಗಿನಿಂದ ಅಳು ಕೇಳಿಸುತ್ತದೆ. ಮುಚ್ಚಳದಮ್ಮ ಎದ್ದೇಳುವುದಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಗೋಡೆ ನೋಡುತ್ತ ಕೂತಿದ್ದಾರೆ. ಅಳು ನಿಲ್ಲುತ್ತದೆ. ಹುಡುಗಿ ಸಹಾಯ ಕೇಳಿದಳೋ, ಡಾಕ್ಟರೇ ತೆಗೆದುಕೊಟ್ಟರೋ, ನಮಗೆ ಗೊತ್ತಾಗುವುದಿಲ್ಲ. ತಾಯಿ ಏನನ್ನುತ್ತಾಳೋ ಎಂದು ತಿರುಗಿದರೆ, ಆಕೆ ಬೆಂಚಿನ ಮೇಲೆ ಕಾಲು ಮಡಚಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದಾಳೆ.

ಪರೀಕ್ಷೆ ಮುಗಿಸಿ ಡಾಕ್ಟರು ಹುಡುಗಿಯ ಜೊತೆ, ಕಾಗದದ ಕಟ್ಟು ಹಿಡಿದು ಬರುತ್ತಾರೆ. ತಾಯಿಯಿಂದ ನಲವತ್ತು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಬೇಕಂತೆ. ಹತ್ತೊಂಬತ್ತು ವರ್ಷದಲ್ಲಿ ಡಾಕ್ಟರಿಗೆ ಎದುರು ಮಾತಾಡಿಲ್ಲ ಎಂದು ಬೆಳಿಗ್ಗೆಯಷ್ಟೇ ನನ್ನ ಹತ್ತಿರ ಹೇಳಿಕೊಂಡಿದ್ದ ಹೆಂಗಸು, ಬೆಂಚಿಗೂ ಡಾಕ್ಟರಿಗೂ ನಡುವೆ ಬಂದು ನಿಲ್ಲುತ್ತಾರೆ.

"ಈಗ ಎಬ್ಬಿಸಬೇಡಿ ಮೇಡಂ. ನೀವು ಆಮೇಲೆ ಬನ್ನಿ."