ಉಡಿ ತುಂಬಿ ಕಳಿಸುತ್ತಿದ್ದ ಆಯಿ

ಬೆಟಗೇರಿಯಲ್ಲಿ ನಮ್ಮ ಎದುರುಮನೆ ಆಯಿ ಅಂದರೆ ಓಣಿಯ ಸಂಸಾರಗಳನ್ನೆಲ್ಲ ಸರಿಮಾಡುವವರು. ಗಂಡ ಹೊಡೆದನೆಂದು ಯಾರಾದರೂ ಓಡಿಬಂದರೆ ಚಹಾ ಕುಡಿಸಿ, ತಲೆ ಬಾಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ, ತಾವೇ ಗಂಡನ ಮನೆಗೆ ಬಿಟ್ಟುಬರುತ್ತಿದ್ದರು. ಉಡಿ ತುಂಬಿದ ಮೇಲೆ ಹೋಗಲ್ಲ ಅನ್ನುವಂತಿಲ್ಲ, ನಮ್ಮ ಕಡೆ ಹಾಗೆ. "ಸಿಟ್ಟಿನಾಗ ಒಂದ್ ಏಟು ಬಿದ್ದಿರತೈತಿ, ಇಳೀತೈತಿ ತಗೋ," ಇದು ಅವರ ಯಾವಾಗಿನ ಮಾತು.

ಶಿಗ್ಲಿಯಿಂದ ಸೊಸೆಯಾಗಿ ಬಂದವಳೊಬ್ಬಳು ಮಾತ್ರ ಆ ದಿನ ಸೆರಗು ಒಡ್ಡಲೇ ಇಲ್ಲ.

"ಆಯಿ, ಈ ಸಲ ಕೊಲ್ತಾನ್ರಿ. ಕುಡದಾನ, ನನ್ ಮ್ಯಾಲ ಸಂಶೇನೂ ಐತಿ ಅವಗ."

"ಹುಚ್ಚಿ! ಮಂದಿ ನಗತಾರ, ನಡಿ."

ಆಯಿಯೇ ಸೆರಗು ಹಿಡಿದು ಉಡಿ ತುಂಬಿದರು, ಬಿಟ್ಟುಬಂದರು. ಮರುದಿನವೇ ಅವನು ಅವಳನ್ನು ಕೊಂದ.

ಆಮೇಲೆ ಆಯಿ ಯಾರ ಸಂಸಾರದ ಮಾತಿಗೂ ಹೋಗಲಿಲ್ಲ. ಆದರೆ ಒಂದು ಸಂಜೆ ಇನ್ನೊಬ್ಬಳು ತುಟಿ ಒಡೆದುಕೊಂಡು ಬಂದಳು. ಅವಳನ್ನು ಒಳಗೆ ಕೂರಿಸಿ, ಆಯಿ ಬಾಗಿಲಿಗೆ ಅಡ್ಡ ನಿಂತರು. ನಾವೆಲ್ಲ ಕಟ್ಟೆಯಿಂದ ನೋಡುತ್ತಿದ್ದೆವು.

"ನನ್ನ ಹೇಣ್ತಿನ್ನ ಹೊರಗ ಕಳಸ್ರಿ! ಬ್ಯಾಡ ಅನ್ನಾಕ ನೀವ್ಯಾರು?" ಎಂದು ಅವಳ ಗಂಡ ಕೂಗಿದ.

ಆಯಿ ಮೆಲ್ಲಗೆ ಹೇಳಿದರು: "ಆ ಶಿಗ್ಲಿ ಹುಡುಗಿನ್ನ ಕಳಿಸಿದಾಕಿ."